ಚಾಂದ್‌ಬೀಯ ರಾತ್ರಿಯ ಗುಳಿಗೆ

ಹೈದರಾಬಾದ್
12 ಜೂನ್ 2024

ಗುರುಗಳಾದ ಮೌಲಾಸಾಬ್ ಸರ್ ಅವರಿಗೆ ನಮಸ್ಕಾರಗಳು.

ನಿಮ್ಮ ಲಕೋಟೆ ಸೋಮವಾರ ಬಂತು. ನಿಮ್ಮ ಪತ್ರ ಇರುತ್ತದೆಂದು ಆಸೆಯಿಂದ ಬಿಚ್ಚಿದರೆ ನಾನೇ ಬರೆದ ಆರು ಪುಟ ವಾಪಸು ಬಂದಿವೆ. ಹದಿನೇಳು ಕಡೆ ಕೆಂಪು ಗೆರೆ. ಐದನೇ ಪುಟದ ಒಂದು ಇಡೀ ಪ್ಯಾರಾಕ್ಕೆ ಅಡ್ಡಗೆರೆ ಎಳೆದು ಪಕ್ಕದಲ್ಲಿ "ಅನಗತ್ಯ" ಎಂದು ಬರೆದಿದ್ದೀರಿ. ಕೊನೆಯಲ್ಲಿ ಷರಾ: "ವಿಷಯ ಒಳ್ಳೆಯದು, ವಿಸ್ತಾರ ಹೆಚ್ಚಾಯಿತು. ಮೂರನೇ ಒಂದು ಭಾಗಕ್ಕೆ ಇಳಿಸಿ ಬರೆ. 4/10."

ಸರ್, ನನಗೆ ಮೂವತ್ನಾಲ್ಕು ವರ್ಷ. ವೈರಸ್ಸುಗಳ ಮೇಲೆ ಡಾಕ್ಟರೇಟ್ ಮಾಡಿ ಇಲ್ಲಿನ ಪ್ರಯೋಗಾಲಯದಲ್ಲಿ ಆರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ನಾಲ್ಕು ಅಂಕ ನನಗೆ ಎಂಟನೇ ತರಗತಿಯಲ್ಲೂ ಬಂದಿರಲಿಲ್ಲ. ಆದರೆ ಏನು ಮಾಡಲಿ, ಮನೆಯಲ್ಲಿ ಬಂಗಾಳಿ ಆಡುವ, ಸಿಂಧನೂರು ಬಳಿಯ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಹುಡುಗಿಯ ಬಾಯಿಗೆ ಕನ್ನಡ ಹಾಕಿದವರು ನೀವು. "ನೀನು ಮಾಡುವ ಕೆಲಸವನ್ನು ಕನ್ನಡದಲ್ಲಿ ಬರೆದು ತಿಳಿಸು, ಬರೆಯಲು ಬಾರದಿದ್ದರೆ ನಿನಗೇ ತಿಳಿದಿಲ್ಲವೆಂದು ಅರ್ಥ" ಅಂದಿರಿ. ನಿಮ್ಮ ಕಿವಿಗೆ ಫೋನ್ ಕೇಳಿಸುವುದಿಲ್ಲ, ಕಿವಿಯ ಮಷಿನ್ ನೀವು ಹಾಕಿಕೊಳ್ಳುವುದಿಲ್ಲ. ಹಾಗಾಗಿ ಬರೆಯುತ್ತೇನೆ. ಅನಗತ್ಯ ಎಂದದ್ದನ್ನೂ ಬಿಟ್ಟಿದ್ದೇನೆ. ತಗೊಳ್ಳಿ ಸಾರಾಂಶ.

ಮೈಯ ಪ್ರತಿಯೊಂದು ಜೀವಕೋಶದ ಸುತ್ತ ಕೊಬ್ಬಿನಿಂದಾದ ತೆಳುವಾದ ಪೊರೆ ಇದೆ. ಆ ಪೊರೆಯ ಕಣಗಳ ನಡುವೆ ಕೊಲೆಸ್ಟ್ರಾಲ್ ಸೇರಿಕೊಂಡು ಪೊರೆ ತೀರ ಸಡಿಲವೂ ಆಗದಂತೆ, ತೀರ ಬಿಗಿಯೂ ಆಗದಂತೆ ಹದದಲ್ಲಿ ಇಡುತ್ತದೆ. ಜೋಳದ ಹಿಟ್ಟಿಗೆ ನಿಮ್ಮ ಅಡುಗೆಮನೆಯಲ್ಲಿ ಚಾಂದ್‌ಬೀ ಚಾಚಿ ಕುದಿಯುವ ನೀರು ಹಾಕಿ ನಾದುತ್ತಾರಲ್ಲ, ಆ ಹದ. ಚಿಕುನ್‌ಗುನ್ಯಾ ವೈರಸ್ಸಿಗೂ ಕೊಬ್ಬಿನ ಹೊದಿಕೆ ಇದೆ. ಅದು ಕೋಶಕ್ಕೆ ಅಂಟಿಕೊಳ್ಳುತ್ತದೆ, ಆಮೇಲೆ ಅದರ ಹೊದಿಕೆ ಕೋಶದ ಪೊರೆಯೊಂದಿಗೆ ಬೆಸೆದುಕೊಂಡು ಒಳಗಿನ ಸರಕು ಕೋಶದೊಳಕ್ಕೆ ಸುರಿಯುತ್ತದೆ. ಆ ಬೆಸುಗೆಗೆ ಪೊರೆಯಲ್ಲಿ ಕೊಲೆಸ್ಟ್ರಾಲ್ ಬೇಕು. ನಾವು ಬಟ್ಟಲಲ್ಲಿ ಬೆಳೆಸಿದ ಕೋಶಗಳಿಗೆ ಸಕ್ಕರೆ ಜಾತಿಯ ಒಂದು ಪುಡಿ ಹಾಕಿ ಪೊರೆಯ ಕೊಲೆಸ್ಟ್ರಾಲನ್ನು ಎಳೆದು ತೆಗೆದೆವು. ಆಗ ವೈರಸ್ ಹೊರಗೆ ಅಂಟಿಕೊಂಡಿತು, ಒಳಗೆ ಹೋಗಲಿಲ್ಲ. ಕೊಲೆಸ್ಟ್ರಾಲ್ ಮರಳಿ ಕೊಟ್ಟೆವು, ಹೋಯಿತು.

ಇಷ್ಟೇ. ಒಂದು ಪುಟಕ್ಕಿಂತ ಒಂದಕ್ಷರ ಹೆಚ್ಚಿಲ್ಲ.

ಚಾಚಿಯ ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿ ಈ ತಿಂಗಳಿಗೆ ಎರಡು ವರ್ಷವಾಯಿತು. ರಾತ್ರಿ ಊಟವಾದ ಮೇಲಿನ ಆ ಒಂದು ಗುಳಿಗೆಯನ್ನು ಮಾತ್ರ ತಪ್ಪಿಸಬೇಡಿ. ಅಂಕಕ್ಕಾಗಿ ಕಾಯುತ್ತಿರುವ,

ಭಾರತಿ ಮಂಡಲ್


ಮಸ್ಕಿ
21 ಜೂನ್ 2024

ಚಿ. ಭಾರತಿಗೆ ಆಶೀರ್ವಾದಗಳು.

7/10. ಕಳೆದ ಮೂರು ಅಂಕ ಅಕ್ಷರಕ್ಕೆ. ಡಾಕ್ಟರೇಟ್ ಆದವರ ಅಕ್ಷರವೆಲ್ಲ ಡಾಕ್ಟರರ ಅಕ್ಷರವಾಗಬೇಕೆಂಬ ನಿಯಮವಿಲ್ಲ.

ಈ ಸಲ ವಿಷಯ ನೀರಿನಷ್ಟು ತಿಳಿಯಾಯಿತು. ಸಾರಾಂಶ ಬರೆಯುವುದನ್ನು ನಾನು ಮೂವತ್ತಾರು ವರ್ಷ ಕಲಿಸಿದ್ದು ಸುಮ್ಮನಲ್ಲ. ನಿನ್ನ ಪುಟವನ್ನು ಮೂರು ಸಲ ಓದಿ, ಮುಖ್ಯ ವಾಕ್ಯದ ಕೆಳಗೆ ಗೆರೆ ಎಳೆದು ಗೋಡೆಗೆ ಅಂಟಿಸಿದ್ದೇನೆ: ಕೊಲೆಸ್ಟ್ರಾಲ್ ತೆಗೆದರೆ ವೈರಸ್ ಒಳಗೆ ಹೋಗುವುದಿಲ್ಲ.

ಮಸ್ಕಿಯ ಸ್ಥಿತಿ ನಿನಗೆ ತಿಳಿಯದು. ನಮ್ಮ ಓಣಿಯಲ್ಲಿ ಆರು ಮನೆಗೆ ಆ ಚಿಕುನ್‌ಗುನ್ಯಾ ಜ್ವರ ಹೊಕ್ಕಿದೆ. ಬಸ್ಸಪ್ಪ ಮಾಸ್ತರರು ಕಟ್ಟೆಯ ಮೇಲೆ ಕೂತರೆ ಏಳಲು ಇಬ್ಬರು ಬೇಕು. ಪುರಸಭೆಯವರು ಹೊಗೆ ಬಿಡುವ ಮಷಿನ್ ತಂದು ಫೋಟೋ ತೆಗೆಸಿಕೊಂಡು ಹೋದರು. ಚಹಾದಂಗಡಿಯಲ್ಲಿ ಪೊರೆಯ ವಿಷಯ ತಿಳಿಸಿ ಹೇಳಿದೆ. ಎಲ್ಲರೂ ತಲೆಯಾಡಿಸಿ, "ಸರ, ಪಪ್ಪಾಯಿ ಎಲಿ ರಸ ಕುಡದ್ರ ಹೆಂಗ?" ಎಂದು ಕೇಳಿದರು. ಇವರಿಗೆ ಪಾಠ ಹೇಳುವುದಕ್ಕಿಂತ ಎಮ್ಮೆಯ ಮುಂದೆ ಕಿನ್ನರಿ ಬಾರಿಸುವುದು ಮೇಲು.

ಚಾಂದ್‌ಬೀಗೆ ಆ ಜ್ವರ ಬರಬಾರದು. ಈ ಮಾತನ್ನು ಇನ್ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತೇನೆ. ಜೋರು ಜ್ವರ ಬಂದರೆ ಅವಳ ಹೃದಯಕ್ಕೆ ಭಾರವೆಂದು ಡಾಕ್ಟರ್ ಎರಡು ವರ್ಷದ ಹಿಂದೆಯೇ ಹೇಳಿದ್ದಾರೆ. ನನಗೆ ಭಯವಾಗಿದೆ. ಆದ್ದರಿಂದ ಸೋಮವಾರದಿಂದ ಮನೆಯಲ್ಲಿ ಎಣ್ಣೆ, ತುಪ್ಪ, ಮಾಂಸ, ಶೇಂಗಾ ಚಟ್ನಿ ಎಲ್ಲವೂ ಬಂದ್. ನಾನು ಅಟ್ಟಕ್ಕೆ ಏರಿಸಹೋದ ಎಣ್ಣೆಯ ಡಬ್ಬಿಯನ್ನು ಅವಳು ಹಿಡಿದುಕೊಂಡು ನಿಂತು, "ಎಣ್ಣಿ ಇಲ್ಲದ ಪಲ್ಯೆ ದನಾನೂ ಮೂಸೂದಿಲ್ರಿ. ಆ ಹುಡುಗಿ ಏನ್ ಬರದಾಳೋ, ನೀವು ಏನ್ ಓದೀರೋ" ಅಂದಳು. ಎರಡನೇ ತರಗತಿ ದಾಟದವಳೊಂದಿಗೆ ವಾದ ಮಾಡುವುದು ಹೇಗೆ?

ಇಂತಿ ನಿನ್ನ ಗುರು,
ಮೌಲಾಸಾಬ್
ನಿವೃತ್ತ ವಿಜ್ಞಾನ ಶಿಕ್ಷಕ


ಹೈದರಾಬಾದ್
30 ಜೂನ್ 2024

ಸರ್,

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ನಾನು ಬಟ್ಟಲಿನಲ್ಲಿರುವ ಕೋಶದ ಮಾತು ಹೇಳಿದರೆ ನೀವು ಚಾಚಿಯ ತಟ್ಟೆಯಿಂದ ಎಣ್ಣೆ ತೆಗೆದಿದ್ದೀರಿ. ಹತ್ತನೇ ತರಗತಿಯ ಪರೀಕ್ಷೆಯ ಹೊತ್ತಿನಲ್ಲಿ ಎರಡು ತಿಂಗಳು ನಿಮ್ಮ ಮನೆಯಲ್ಲೇ ಉಂಡವಳು ನಾನು. ಆ ಕೈಯ ಶೇಂಗಾ ಚಟ್ನಿಯನ್ನು ನನ್ನ ಹೆಸರು ಹೇಳಿ ಬಂದ್ ಮಾಡಿದ್ದೀರೆಂದು ಓದಿ ನನಗೆ ಊಟ ಸೇರಲಿಲ್ಲ.

ತಟ್ಟೆಯ ಕೊಬ್ಬಿಗೂ ಕೋಶದ ಪೊರೆಗೂ ನೇರವಾದ ಸಂಬಂಧ ಇಲ್ಲವೆನ್ನುವಷ್ಟು ಕಡಿಮೆ. ಕೋಶಕ್ಕೆ ಬೇಕಾದ ಕೊಲೆಸ್ಟ್ರಾಲನ್ನು ದೇಹ ತಾನೇ ತಯಾರಿಸಿಕೊಳ್ಳುತ್ತದೆ. ಬಹುಪಾಲು ತಯಾರಾಗುವುದು ಯಕೃತ್ತಿನಲ್ಲಿ, ಕೋಶಗಳೂ ತಮ್ಮಷ್ಟಕ್ಕೆ ತಯಾರಿಸುತ್ತವೆ. ನೀವು ಎಣ್ಣೆ ಬಿಟ್ಟರೆ ದೇಹ ಇನ್ನಷ್ಟು ತಯಾರಿಸುತ್ತದೆ, ಅಷ್ಟೇ. ಅದಕ್ಕಾಗಿಯೇ ಚಾಚಿಗೆ ಪಥ್ಯ ಸಾಲದೆ ಗುಳಿಗೆ ಕೊಟ್ಟಿರುವುದು. ಆ ಗುಳಿಗೆ ಮಾಡುವ ಕೆಲಸ ತಯಾರಿಕೆಯನ್ನೇ ತಗ್ಗಿಸುವುದು.

ಇದನ್ನು ಬೇಕಾದರೆ ಗೋಡೆಗೆ ಅಂಟಿಸಿ. ಮೊದಲು ಎಣ್ಣೆಯ ಡಬ್ಬಿ ಕೆಳಗಿಳಿಸಿ. ಜ್ವರ ಬರಬಾರದೆಂದರೆ ನೀರಿನ ಹರವಿ ಮುಚ್ಚಿಡಿ, ಸೊಳ್ಳೆಪರದೆ ಕಟ್ಟಿ. ಇದರಲ್ಲಿ ವಿಜ್ಞಾನದ ಗಮ್ಮತ್ತು ಇಲ್ಲವೆಂದು ನಿಮಗೆ ಹಿಡಿಸುವುದಿಲ್ಲ, ಗೊತ್ತು.

ನಾಳೆ ತರಬೇತಿಗೆಂದು ಪುಣೆಗೆ ಹೋಗುತ್ತಿದ್ದೇನೆ. ಬರುವುದು ಜುಲೈ ಕೊನೆಗೆ. ನಡುವೆ ನೀವು ಬರೆದರೆ ಕಾಗದ ಇಲ್ಲೇ ಹಾಸ್ಟೆಲಿನಲ್ಲಿ ಬಿದ್ದಿರುತ್ತದೆ, ಉತ್ತರ ಬರಲಿಲ್ಲವೆಂದು ಸಿಟ್ಟಾಗಬೇಡಿ.

ನಿಮ್ಮ ವಿದ್ಯಾರ್ಥಿನಿ,
ಭಾರತಿ


ಮಸ್ಕಿ
9 ಜುಲೈ 2024

ಚಿ. ಭಾರತಿಗೆ,

9/10. ಒಂದು ಅಂಕ ಗುರುವಿಗೆ ಗಾದೆ ಹೇಳಿದ್ದಕ್ಕೆ.

ತಪ್ಪಿದ್ದರೆ ಒಪ್ಪಿಕೊಳ್ಳಬೇಕು. ಎಣ್ಣೆಯ ಡಬ್ಬಿ ಇಳಿಸಿದ್ದೇನೆ. ಚಾಂದ್‌ಬೀ ಅವತ್ತೇ ಬದನೆಕಾಯಿ ತುಂಬಿ ಮಾಡಿದಳು, ಎರಡು ದಿನ ನನ್ನ ಕಡೆ ನೋಡಿ ನಕ್ಕಳು. ನಿನ್ನ ಪತ್ರದ ಎರಡನೇ ಪ್ಯಾರಾದಿಂದ ನನ್ನ ಕಣ್ಣು ತೆರೆಯಿತು. ನಾನು ತಟ್ಟೆಯಲ್ಲಿ ಹುಡುಕುತ್ತಿದ್ದೆ, ಕಾರ್ಖಾನೆ ಇರುವುದು ಒಳಗೆ. ಕಾರ್ಖಾನೆ ನಿಲ್ಲಿಸುವ ವಸ್ತು ನಮ್ಮ ಮನೆಯ ಗುಳಿಗೆಯ ಡಬ್ಬಿಯಲ್ಲೇ ಇದೆ. ಎರಡು ವರ್ಷದಿಂದ ದಿನಕ್ಕೊಂದರಂತೆ ತೆಗೆದುಕೊಂಡು ಅವಳಿಗೆ ಏನೂ ಆಗಿಲ್ಲ. ಹೀಗಾಗಿ ಐದನೇ ತಾರೀಖಿನಿಂದ ಬೆಳಿಗ್ಗೆ ಒಂದು, ರಾತ್ರಿ ಒಂದು ಕೊಡುತ್ತಿದ್ದೇನೆ.

ಡಾಕ್ಟರನ್ನು ಕೇಳಬೇಕಿತ್ತು ಎನ್ನುತ್ತೀಯ. ಲಿಂಗಸುಗೂರಿನಲ್ಲಿ ಅವಳನ್ನು ನೋಡುವ ಡಾಕ್ಟರ್ ಹುಲಿಗೇಶ ನನ್ನ ಕೈಯಲ್ಲೇ ಕಲಿತವನು. ಎಂಟನೇ ತರಗತಿಯಲ್ಲಿ ಜೀವಕೋಶದ ಚಿತ್ರ ಬರೆ ಎಂದರೆ ಹುರಿದ ಮೊಟ್ಟೆ ಬರೆಯುತ್ತಿದ್ದ. ಅವನನ್ನು ನಾನು ಪೊರೆಯ ವಿಷಯ ಕೇಳಲೇ? ಔಷಧಿ ಅಂಗಡಿಯ ಮುಕ್ತಿಯಾರ್ ಕೂಡ ನನ್ನ ವಿದ್ಯಾರ್ಥಿಯೇ. ಇನ್ನೆರಡು ಹಾಳೆ ಗುಳಿಗೆ ಕೊಡು ಎಂದೆ. ಯಾಕೆ ಎಂದು ಕೇಳುವ ಧೈರ್ಯ ಅವನಿಗೆ ಶಾಲೆಯಲ್ಲೂ ಇರಲಿಲ್ಲ.

ಇಂತಿ,
ಮೌಲಾಸಾಬ್
ನಿವೃತ್ತ ವಿಜ್ಞಾನ ಶಿಕ್ಷಕ


ಮಸ್ಕಿ
23 ಜುಲೈ 2024

ಚಿ. ಭಾರತಿಗೆ,

ನೀನು ಪುಣೆಯಲ್ಲಿರುವುದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಒಂದು ವಿಚಿತ್ರ ಕಂಡಿದೆ, ದಿನಾಂಕ ಹಾಕಿ ದಾಖಲಿಸಬೇಕು.

ಹದಿನಾರನೇ ತಾರೀಖಿನಿಂದ ಚಾಂದ್‌ಬೀಗೆ ತೊಡೆ, ಮೀನಖಂಡ, ಭುಜಗಳಲ್ಲಿ ನೋವು. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತರೆ ಗೋಡೆ ಹಿಡಿಯದೆ ಏಳಲಾಗುವುದಿಲ್ಲ. ಚಿಕುನ್‌ಗುನ್ಯಾ ಬಂದೇ ಬಿಟ್ಟಿತೆಂದು ನನ್ನ ಎದೆ ಒಡೆಯಿತು. ಆದರೆ ಜ್ವರವಿಲ್ಲ. ದಿನಕ್ಕೆ ಎಂಟು ಹತ್ತು ಸಲ ಥರ್ಮಾಮೀಟರ್ ಇಟ್ಟು ನೋಡಿದ್ದೇನೆ. ನಿನ್ನ ಸಾರಾಂಶವನ್ನು ಮತ್ತೆ ಓದಿದಾಗ ಉತ್ತರ ಅಲ್ಲೇ ಸಿಕ್ಕಿತು: "ವೈರಸ್ ಹೊರಗೆ ಅಂಟಿಕೊಂಡಿತು, ಒಳಗೆ ಹೋಗಲಿಲ್ಲ." ಅದು ಬಂದಿದೆ, ಅಂಟಿಕೊಂಡಿದೆ, ಅದಕ್ಕೇ ನೋವು. ಒಳಗೆ ಹೋಗಲು ಆಗಿಲ್ಲ, ಅದಕ್ಕೇ ಜ್ವರವಿಲ್ಲ. ಹೊಸ್ತಿಲಲ್ಲಿ ನಿಂತ ಶತ್ರುವಿನ ಮುಂದೆ ಅಗಳಿ ಸಡಿಲಿಸುವವರು ಯಾರು? ಮೊನ್ನೆಯಿಂದ ಗುಳಿಗೆಯನ್ನು ನಾಲ್ಕಕ್ಕೆ ಏರಿಸಿದ್ದೇನೆ.

"ಕಾಲಾಗ ಜೀವಾನ ಇಲ್ರಿ" ಎಂದು ಅವಳು ಗೊಣಗುತ್ತಾಳೆ. ಸ್ವಲ್ಪ ತಡೆದುಕೋ ಎಂದಿದ್ದೇನೆ. ನೀರು ಕುಡಿ ಎಂದರೆ ಕುಡಿಯುವುದಿಲ್ಲ, ಮೂತ್ರ ಹಾಲು ಹಾಕದ ಚಹಾದ ಬಣ್ಣಕ್ಕೆ ತಿರುಗಿದೆಯಂತೆ. ಹೆಂಗಸರ ಹಟ.

ನೀನು ಬಂದೊಡನೆ ಬರೆ. ನಿನ್ನ ಮೌನದಿಂದ ನನಗೆ ಬೇಸರವಾಗಿದೆ.

ಮೌಲಾಸಾಬ್


ಹೈದರಾಬಾದ್
28 ಜುಲೈ 2024, ಭಾನುವಾರ

ಸರ್,

ಇವತ್ತು ಬೆಳಿಗ್ಗೆ ಹಾಸ್ಟೆಲಿಗೆ ಬಂದೆ. ನಿಮ್ಮ ಎರಡೂ ಕಾಗದ ಒಟ್ಟಿಗೆ ಓದಿದೆ. ಚಪ್ಪಲಿ ಕೂಡ ಬಿಚ್ಚಿರಲಿಲ್ಲ.

ಈ ಪತ್ರ ನಿಮಗೆ ಸಿಗುವಷ್ಟರಲ್ಲಿ ಆಗಬೇಕಾದ್ದು ಆಗಿರುತ್ತದೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಬರೆದದ್ದನ್ನು ಬಿಟ್ಟು ಬೇರೆ ಏನನ್ನೂ ನೀವು ನಂಬುವುದಿಲ್ಲ. ಒಂಬತ್ತೂವರೆಗೆ ಫೋನ್ ಮಾಡಿದೆ. ನೀವು ಎತ್ತಿ, "ಕೇಳಸೂದಿಲ್ಲ, ಕಾಗದ ಬರಿ" ಎಂದು ಇಟ್ಟುಬಿಟ್ಟಿರಿ. ಮತ್ತೆ ಮಾಡಿದೆ, ಚಾಚಿ ಎತ್ತಿದರು. ಗುಳಿಗೆ ನಿಲ್ಲಿಸಿ, ಆಸ್ಪತ್ರೆಗೆ ಹೋಗಿ ಎಂದರೆ, "ನಾ ಛಲೋ ಅದೀನಿ ಬೇಟಿ, ನೀ ಉಂಡಿಯೇನು?" ಅಂದರು. ಪುಣೆಯಿಂದ ಎರಡು ಸಲ ಮಾಡಿದಾಗಲೂ ಇದೇ ಮಾತು ಅಂದಿದ್ದರು, ನಾನು ನಂಬಿದೆ. ನನ್ನ ಬುದ್ಧಿ ಇಷ್ಟೇ. ಈಗ ನನ್ನ ಸಹಪಾಠಿ ಅಂಬಿಕಾಗೆ ಹೇಳಿದ್ದೇನೆ, ಸಿಂಧನೂರಿನಲ್ಲಿ ರಕ್ತಪರೀಕ್ಷೆಯ ಲ್ಯಾಬ್ ಇಟ್ಟಿದ್ದಾಳಲ್ಲ, ಅವಳು. ಲ್ಯಾಬ್ ಮುಚ್ಚಿ, ಕಾರು ಮಾಡಿಕೊಂಡು ನಿಮ್ಮ ಮನೆಗೆ ಹೊರಟಿದ್ದಾಳೆ.

ಸರ್, ಅದು ವೈರಸ್ ಅಲ್ಲ. ಅದು ಗುಳಿಗೆ. ಆ ಗುಳಿಗೆ ಅತಿಯಾದರೆ ಸ್ನಾಯು ಒಡೆಯುತ್ತದೆ. ಒಡೆದ ಸ್ನಾಯುವಿನ ಕಸ ರಕ್ತಕ್ಕೆ ಸೋರಿ ಮೂತ್ರಪಿಂಡಕ್ಕೆ ಹೋಗಿ ಕಟ್ಟಿಕೊಳ್ಳುತ್ತದೆ. ಚಹಾದ ಬಣ್ಣ ಅಂದಿರಲ್ಲ, ಅದು ಹಟದ ಬಣ್ಣವಲ್ಲ. ಹನ್ನೆರಡು ದಿನ ಒಬ್ಬ ಹೆಂಗಸು ನೋವು ನೋವು ಅಂದರೆ ನೀವು ನನ್ನ ಕಾಗದದಲ್ಲಿ ಅರ್ಥ ಹುಡುಕುತ್ತಾ ಕೂತಿದ್ದಿರಿ.

ನೀವು ಅಡ್ಡಗೆರೆ ಎಳೆದ ಐದನೇ ಪುಟದ ಪ್ಯಾರಾ ನನ್ನ ಹತ್ತಿರ ಇದೆ. ಇದ್ದ ಹಾಗೆ ಇಳಿಸುತ್ತೇನೆ:

"ಆದರೆ ಇಲ್ಲೊಂದು ಎಚ್ಚರಿಕೆ ಹೇಳಬೇಕು. ಪೊರೆಯಿಂದ ಕೊಲೆಸ್ಟ್ರಾಲನ್ನು ಹೆಚ್ಚು ಎಳೆದರೆ ವೈರಸ್ ಒಳಗೆ ಹೋಗುವುದಿಲ್ಲ ನಿಜ, ಕೋಶವೂ ಬದುಕುವುದಿಲ್ಲ. ಮೊದಲ ವಾರ ನಮ್ಮ ಬಟ್ಟಲುಗಳಲ್ಲಿ ಸೋಂಕು ಸೊನ್ನೆಗೆ ಇಳಿದದ್ದು ಕಂಡು ಕುಣಿದೆವು. ಆಮೇಲೆ ನೋಡಿದರೆ ಕೋಶಗಳೇ ಸತ್ತಿದ್ದವು. ಕೊಲೆಸ್ಟ್ರಾಲ್ ಕೋಶದ ಶತ್ರುವಲ್ಲ, ಅದಿಲ್ಲದೆ ಕೋಶವೇ ಇಲ್ಲ. ಇದು ಮನುಷ್ಯರಿಗೆ ಔಷಧವಾಗುವ ಮಾತು ತುಂಬ ದೂರ ಇದೆ."

ಇದು ಅನಗತ್ಯವೇ, ಸರ್?

ನಿಮಗೆ ಬೈದು ನಾನು ತಪ್ಪಿಸಿಕೊಳ್ಳಲು ಆಗುವುದಿಲ್ಲ. ನೀವು ಕೇಳಿದ್ದು ಮೂರನೇ ಒಂದು ಭಾಗ. ಯಾವುದನ್ನು ಬಿಡಬೇಕೆಂದು ತಿಳಿದಿರಬೇಕಾದವಳು ನಾನು. ನಿಮ್ಮಿಂದ ಅಂಕ ಬೇಕೆಂಬ ಆಸೆಗೆ ಬಿಟ್ಟೆ. ಆಮೇಲೆ ಗುಳಿಗೆ ಹೇಗೆ ಕೆಲಸ ಮಾಡುತ್ತದೆಂದು ಜಾಣತನ ತೋರಿಸಲು ಬರೆದವಳೂ ನಾನೇ.

ಅಂಬಿಕಾ ಬಂದಾಗ ಅವಳಿಗೆ ಪಾಠ ಹೇಳಬೇಡಿ. ಕಾರು ಹತ್ತಿ.

ಭಾರತಿ


ಲಿಂಗಸುಗೂರು
5 ಆಗಸ್ಟ್ 2024

ಭಾರತಿಗೆ,

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ನಿನ್ನ ಪತ್ರವನ್ನು ಮುಕ್ತಿಯಾರ್ ಮಸ್ಕಿಯಿಂದ ತಂದುಕೊಟ್ಟ. ಅವನು ನನ್ನ ಮುಖ ನೋಡಲಿಲ್ಲ.

ಚಾಂದ್‌ಬೀ ಇದ್ದಾಳೆ. ಮೊದಲು ಅದನ್ನೇ ಬರೆಯಬೇಕು. ಎಂಟು ದಿನದಿಂದ ಸಲೈನ್ ಏರುತ್ತಿದೆ. ಮೂತ್ರದ ಬಣ್ಣ ನಿನ್ನೆಯಿಂದ ತಿಳಿಯಾಗಿದೆ. ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿದೆ, ಆದರೆ ಚೇತರಿಸಿಕೊಳ್ಳುತ್ತಿದೆಯಂತೆ. ರಾಯಚೂರಿಗೆ ಒಯ್ದು ಯಂತ್ರಕ್ಕೆ ಹಾಕಿ ರಕ್ತ ಶುದ್ಧ ಮಾಡಿಸುವ ಹೊತ್ತು ಬರಲಿಕ್ಕಿಲ್ಲ ಎಂದಿದ್ದಾರೆ. ಎರಡು ದಿನ ತಡವಾಗಿದ್ದರೆ ಬರುತ್ತಿತ್ತು, ಅಥವಾ ಅದಕ್ಕೂ ಅವಕಾಶವಿರುತ್ತಿರಲಿಲ್ಲ.

ಅಂಬಿಕಾ ಆ ಭಾನುವಾರ ಮಧ್ಯಾಹ್ನ ಬಂದಳು. ನಾನು ಬಾಗಿಲಲ್ಲೇ ನಿಲ್ಲಿಸಿ ಗೋಡೆಯ ಮೇಲಿನ ಸಾರಾಂಶ ತೋರಿಸಿದೆ. ನೀನು ಬೇಡವೆಂದಿದ್ದೆ, ಆದರೆ ನಿನ್ನ ಪತ್ರ ಇನ್ನೂ ಬಂದಿರಲಿಲ್ಲ. ಅವಳು ಒಂದು ನಿಮಿಷ ಓದಿದಳು, ನನ್ನ ಕೈಯಿಂದ ಗುಳಿಗೆಯ ಡಬ್ಬಿ ಕಿತ್ತುಕೊಂಡಳು. ಒಂದು ಚೀಟಿಯ ಮೇಲೆ ದೊಡ್ಡ ಅಕ್ಷರದಲ್ಲಿ "ಸರ, ಪಾಠ ಆಮ್ಯಾಲ. ಅಮ್ಮನ್ನ ಎತ್ರಿ" ಎಂದು ಬರೆದು ಹಿಡಿದಳು. ಚಾಂದ್‌ಬೀಗೆ ನಡೆಯಲು ಆಗಲಿಲ್ಲ. ನಾನೂ ಡ್ರೈವರೂ ಎತ್ತಿಕೊಂಡೆವು. ಅವಳು ಇಷ್ಟು ಹಗುರಾಗಿದ್ದಾಳೆಂದು ನನಗೆ ತಿಳಿದಿರಲಿಲ್ಲ.

ಸ್ನಾಯು ಒಡೆದದ್ದನ್ನು ತೋರಿಸುವ ಪರೀಕ್ಷೆಯೊಂದಿದೆಯಂತೆ. ಇನ್ನೂರರ ಒಳಗೆ ಇರಬೇಕಾದದ್ದು ಇಪ್ಪತ್ತೆರಡು ಸಾವಿರ ಇತ್ತು. ಹುಲಿಗೇಶ ರಿಪೋರ್ಟು ನೋಡಿ ನನ್ನನ್ನು ಪಕ್ಕಕ್ಕೆ ಕರೆದ. ಬೈಯುತ್ತಾನೆಂದು ತಲೆ ತಗ್ಗಿಸಿ ನಿಂತೆ. ಅವನು ನನ್ನ ಕಿವಿಯ ಹತ್ತಿರ ಬಾಗಿ ಜೋರಾಗಿ, "ಸರ, ನೀವು ನನಗ ಒಂದ ಮಾತ ಕಲಿಸಿದ್ರಿ. ಗೊತ್ತಿಲ್ಲಂದ್ರ ಕೈ ಎತ್ತು ಅಂತ. ನೀವ್ಯಾಕ ಎತ್ತಲಿಲ್ರಿ?" ಅಂದ. ವಾರ್ಡಿನವರೆಲ್ಲ ತಿರುಗಿ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

ನಿನ್ನ ಐದನೇ ಪುಟದ ಪ್ಯಾರಾವನ್ನು ಓದಿದೆ. ಹಿಂದೆಯೂ ಓದಿದ್ದೆ, ಕೆಂಪು ಪೆನ್ನು ಹಿಡಿದು. ವಾಕ್ಯ ಉದ್ದವಾಗಿದೆ ಎಂದು ಮಾತ್ರ ಕಂಡಿತ್ತು.

ಇನ್ನು ನನಗೆ ಬರೆಯಬೇಡ. ಮೂವತ್ತಾರು ವರ್ಷದಲ್ಲಿ ಎಷ್ಟು ಮಕ್ಕಳ ವಾಕ್ಯಗಳನ್ನು ಹೀಗೆ ಕತ್ತರಿಸಿದ್ದೇನೋ ಎಂದು ಈ ಬೆಂಚಿನ ಮೇಲೆ ಕೂತು ಎಣಿಸುತ್ತಿದ್ದೇನೆ. ನಿನಗೆ ಅಂಕ ಹಾಕುವ ಯೋಗ್ಯತೆ ನನಗಿಲ್ಲ.

ಮೌಲಾಸಾಬ್


ಹೈದರಾಬಾದ್
14 ಆಗಸ್ಟ್ 2024

ಸರ್,

ರಜೆ ಕೇಳಿದ್ದೇನೆ, ಮುಂದಿನ ತಿಂಗಳು ಸಿಗುತ್ತದಂತೆ. ಇಲ್ಲಿ ಕೋಶಗಳಿಗೆ ದಿನ ಬಿಟ್ಟು ದಿನ ಆಹಾರ ಬದಲಿಸಬೇಕು, ಇಲ್ಲವಾದರೆ ಸಾಯುತ್ತವೆ. ಅವುಗಳಿಗಾಗಿ ನಾನು ನಿಲ್ಲುತ್ತೇನೆ, ಚಾಚಿಗಾಗಿ ಬರಲಾಗಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿದೆ.

ಬರೆಯಬೇಡ ಅಂದಿರಿ. ಅಪ್ಪಣೆ ಕೊಡುವ ಅಭ್ಯಾಸ ಆಸ್ಪತ್ರೆಯ ಬೆಂಚಿನ ಮೇಲೂ ಹೋಗಲಿಲ್ಲವಲ್ಲ. ತಪ್ಪು ಮಾಡಿದವರು ರಾಜೀನಾಮೆ ಕೊಟ್ಟು ಮನೆಗೆ ಹೋಗುವುದು ಸುಲಭ, ಸರ್. ಆ ಮನೆಯಲ್ಲಿ ಚಾಚಿ ಇದ್ದಾರೆ. ಅವರನ್ನು ನೋಡಿಕೊಳ್ಳುವವರು ನೀವೇ. ಹೇಗಿದ್ದಾರೆಂದು ಒಂದು ಸಾಲು ಬರೆದು ತಿಳಿಸಿ. ಸಾರಾಂಶ ಬೇಡ.

ಭಾರತಿ


ಹೈದರಾಬಾದ್
26 ಆಗಸ್ಟ್ 2024

ಸರ್,

ಉತ್ತರವಿಲ್ಲ. ಚಾಚಿಗೆ ಫೋನ್ ಮಾಡಿದರೆ ಮತ್ತೆ ಅದೇ, "ಛಲೋ ಅದೀನಿ." ಆ ಮಾತನ್ನು ಈಗ ನಾನು ನಂಬುವುದಿಲ್ಲ. ಅಂಬಿಕಾಳನ್ನು ಈ ಭಾನುವಾರ ಮತ್ತೆ ಕಳಿಸುತ್ತಿದ್ದೇನೆ, ರಕ್ತ ತೆಗೆದುಕೊಳ್ಳಲು.

ಭಾರತಿ


ಮಸ್ಕಿ
1 ಸೆಪ್ಟೆಂಬರ್ 2024

ಭಾರತಿ ಬೇಟಿಗೆ ಚಾಂದ್‌ಬೀ ಚಾಚಿ ಹೇಳಿ ಬರಸೂದು ಏನಂದ್ರ,

ಅಂಬಿಕಾ ಬಂದಾಳ. ರಕ್ತ ತಕ್ಕೊಂಡ್ಲು, ರೊಟ್ಟಿ ತಿಂದ್ಲು. ಈಗ ಪೆನ್ನು ಹಿಡಕೊಂಡು ಕುಂತಾಳ. ನಾ ಹೇಳಿದ್ದು ಹೇಳಿದಂಗ ಬರಿ, ಛಂದ ಮಾಡಾಕ ಹೋಗಬ್ಯಾಡ ಅಂತ ಹೇಳೀನಿ.

ನಾ ಈಗ ಅಡ್ಡಾಡತೀನಿ. ಬಾಗಲದಿಂದ ಬಚ್ಚಲಕ ಹೋಗಿ ಬರ್ತೀನಿ. ಎರಡ ಮೆಟ್ಟಲ ಹತ್ತಿದ್ರ ತೊಡಿ ನಡಗ್ತಾವ. ಡಾಕ್ಟರ ಹುಲಿಗೇಶ ಆ ಗುಳಿಗಿ ಬಿಡಿಸ್ಯಾನ. ಎದಿಗೆ ಬ್ಯಾರೆ ಯಾವುದೋ ಕೊಡ್ತಾನಂತ, ಇನ್ನೊಂದ ತಿಂಗಳ ತಡದು. ಅದರ ಡಬ್ಬಿ ನನ್ನ ಕೈಯಾಗ ಇರತದ, ಯಾರ ಕೈಗೂ ಕೊಡೂದಿಲ್ಲ.

ನೀ ನಿಮ್ಮ ಸರಗ ಸಿಟ್ಟಿಲೆ ಬರದಿಯಂತ. ಬರಿ, ಬ್ಯಾಡ ಅನ್ನೂದಿಲ್ಲ. ಆದ್ರ ನನಗೂ ನಿಮ್ಮಿಬ್ಬರ ಮ್ಯಾಗ ಸಿಟ್ಟೈತಿ, ಅದನ್ನ ಯಾರೂ ಕೇಳವಲ್ರು. ಎರಡ ತಿಂಗಳ ಕಾಗದ ಹೋದ್ವು, ಬಂದ್ವು. ಎಲ್ಲಾ ನನ್ನ ಮೈಯ್ಯಾಗಿನ ಮಾತು. ಅಲ್ಲಿ ನೀ ಬಟ್ಟಲಾ ನೋಡಿದಿ, ಇಲ್ಲಿ ಇವರು ಗ್ವಾಡಿ ಮ್ಯಾಲಿನ ಕಾಗದಾ ನೋಡಿದ್ರು. ನಡುವ ನಾ ಇದ್ದೆ. ನಿಮಗ ಬೆಕ್ಕಿನ ಆಟ, ನನಗ ಪ್ರಾಣಸಂಕಟ.

ಅಂಬಿಕಾ ಕೇಳಿದ್ಲು, ನೋವು ಆದ್ರೂ ಯಾಕ ನುಂಗಿದ್ರಿ ಅಂತ. ಫೋನಿನ್ಯಾಗ ಛಲೋ ಅದೀನಿ ಅಂತ ಯಾಕ ಅಂದ್ರಿ ಅಂತ. ಏನ್ ಹೇಳ್ಲಿ. ಗುಳಿಗಿಲೆ ನೋವು ಬಂದದ ಅಂತ ನನಗ ಎರಡನೇ ದಿನಾನ ಗೊತ್ತಾಗಿತ್ತು. ಒಂದ ಇದ್ದಾಗ ಇರಲಿಲ್ಲ, ಎರಡ ಆದ ಮ್ಯಾಗ ಬಂತು. ಇದಕ್ಕ ಶಾಲಿ ಬೇಕೇನು? ಹೇಳಿದೆ. ಅವರಿಗೆ ಕೇಳಸಲಿಲ್ಲ. ಜೋರ ಹೇಳಿದೆ. "ಸಾಬೀತ ಏನೈತಿ" ಅಂದ್ರು. ದಿನಕ್ಕ ಹತ್ತ ಸಲ ನನ್ನ ಹಣಿ ಮುಟ್ಟಿ ನೋಡೋರು. ಆ ಕೈ ನಡಗತಿತ್ತು, ಬೇಟಿ. ಹುಲಿಗೂ ಅಂಜಲಾರದ ಮನಶ್ಯಾ. ಗುಳಿಗಿ ನುಂಗಿದ್ರ ಒಂದ ತಾಸು ಆ ಕೈ ನಡಗೂದು ನಿಂದರ್ತಿತ್ತು. ಅದಕ್ಕ ನುಂಗಿದೆ. ನಿನಗ ಹೇಳಿದ್ರ ಅವರ ಮ್ಯಾಲ ಚಾಡಿ ಹೇಳಿದಂಗ ಆಗ್ತಿತ್ತು. ನಂದೂ ತಪ್ಪೈತಿ, ಇಲ್ಲ ಅನ್ನೂದಿಲ್ಲ.

ಲಿಂಗಸುಗೂರಿನ್ಯಾಗ ಹುಲಿಗೇಶ ಬಂದು ಮಂಚದ ಬಾಜೂಕ ಕುಂತ. ರಿಪೋರ್ಟ ಕೈಯಾಗ ಇತ್ತು, ನೋಡಲಿಲ್ಲ. "ಎಲ್ಲಿ ನೋಯ್ತದ ಅಮ್ಮಾ?" ಅಂದ. ನಾ ಅಳಾಕ ಹತ್ತಿದೆ. ನೋವಿಗೆ ಅಳಾಕತ್ಯಾರ ಅಂತ ತಿಳದು ನರ್ಸಮ್ಮ ಓಡಿ ಬಂದ್ಲು. ನೋವಿಗೆ ಅಲ್ಲ. ಇಷ್ಟ ದಿನಾ ಆಗಿ ನನ್ನ ಕೇಳಿದ ಮೊದಲನೇ ಮನಶ್ಯಾ ಅಂವ.

ಮನಿಗೆ ಬಂದ ಮ್ಯಾಗ ನಿಮ್ಮ ಸರ ಬಾಯಿ ಬಿಡಲಿಲ್ಲ. ಗ್ವಾಡಿ ಮ್ಯಾಲಿನ ಕಾಗದಾ ಹರದು ಒಲಿಗೆ ಹಾಕಿದ್ರು, ಗಾರಿ ಕಿತ್ತ ಬಂತು, ಅದನ್ನ ನಾನ ಸಾರಸಬೇಕು. ನಿನ್ನ ಎರಡೂ ಕಾಗದ ಒಡದು ಓದಿ ತಲಿದಿಂಬಿನ ಬುಡಕ ಇಟ್ಟಾರ. ಮೂರ ವಾರ ಆತು, ಅನ್ನಾ ಮಾಡತಾರ, ಬಾಂಡೆ ತಿಕ್ಕತಾರ, ನನ್ನ ಮಾರಿ ನೋಡೂದಿಲ್ಲ. ಅನ್ನ ಒಂದಿನಾ ಬೆಂದಿರತದ, ಒಂದಿನಾ ಇಲ್ಲ. ನಾ ಸತ್ತಿದ್ರ ಇವರಿಗೆ ಇಷ್ಟ ತ್ರಾಸ ಇರತಿರಲಿಲ್ಲೇನೋ, ಬದುಕಿದ್ದ ತ್ರಾಸ ಆಗೇತಿ.

ನಿನ್ನಿ ಮುಂಜಾನಿ ಚಹಾ ತಂದ ಇಟ್ಟು, ನಿಂತರು. ಹೊಳ್ಳಿ ಹೋಗಲಿಲ್ಲ. ಕಡೀಕ ಮಂಚದ ಮ್ಯಾಗ ಕುಂತು ಮೆಲ್ಲಕ "ಎಲ್ಲಿ ನೋಯ್ತದ?" ಅಂದ್ರು.

ನಾ ಹೇಳಿದೆ. ಮೊದಲ ತೊಡಿ ಹೇಳಿದೆ, ಭುಜ ಹೇಳಿದೆ. ಆಮ್ಯಾಗ ನಿಂದರಸಾಕ ಆಗಲಿಲ್ಲ. ಲಗ್ನ ಆದಾಗಿಂದ ಎಲ್ಲೆಲ್ಲಿ ನೋಯಾಕತ್ತಿತ್ತು, ಅದೆಲ್ಲಾ ಹೇಳಿದೆ. ಚಹಾ ಆರಿ ಕೆನಿ ಕಟ್ಟಿತು. ಅವರಿಗೆ ನನ್ನ ಮಾತು ಅರ್ಧಾನೂ ಕೇಳಸೂದಿಲ್ಲ, ನನಗ ಗೊತ್ತೈತಿ. ಆದ್ರ ಬೇಟಿ, ಎದ್ದ ಹೋಗಲಿಲ್ಲ. ನನ್ನ ತುಟಿ ನೋಡಕೋತ ಕುಂತಿದ್ರು.

ನಿನ್ನ ಚಾಚಿ,
ಚಾಂದ್‌ಬೀ
(ಹೆಬ್ಬೆಟ್ಟಿನ ಗುರುತು)

ಬರೆದುಕೊಟ್ಟವಳು: ಅಂಬಿಕಾ. ಲ್ಯಾಬಿಗೆ ಮರಳಿ ನೋಡಿದೆ, ಇವತ್ತಿನ ಸ್ನಾಯುವಿನ ರಿಪೋರ್ಟು ನೂರಾ ಎಂಬತ್ತು, ನೀನು ಅಳಬೇಡ.